ನೀರಹಾವಿನ ಮುಖಪರಿಚಯ

ಭೀಮಾ ದಂಡೆಯ ಊರುಗಳಲ್ಲಿ ಹಾವು ಬೆಳೆಯುವುದು ಹೊಳೆಯಲ್ಲಲ್ಲ, ಚಹಾದಂಗಡಿಯಲ್ಲಿ. ಬೆಳಿಗ್ಗೆ ನೀರಿನಲ್ಲಿ ಮೊಳದುದ್ದ ಕಂಡದ್ದು ಸಂಜೆ ಎರಡನೇ ಕಪ್ಪು ಚಹಾ ಮುಗಿಯುವಷ್ಟರಲ್ಲಿ ಎರಡು ಮಾರು ಆಗಿರುತ್ತದೆ. ಹೆಸರೂ ಹಾಗೆಯೇ. ಅಫಜಲಪುರದಲ್ಲಿ ಕೊಳಕುಮಂಡಲವಾಗಿದ್ದದ್ದು ಜೇವರ್ಗಿ ದಾಟುವ ಹೊತ್ತಿಗೆ ನಾಗರವಾಗುತ್ತದೆ. ಆಳಂದದಲ್ಲಿ ಯಾರಾದರೂ ಹಿರಿಯರನ್ನು ಕೇಳಿ ನೋಡಿ: "ಮುತ್ಯಾ, ಅದು ಯಾವ ಹಾವು?" "ಹಾವದ ಅಂತ ಗೊತ್ತಾಯ್ತಲ್ಲ, ಮತ್ತೇನ್ ಬೇಕು ನಿನಗ? ಹಿಂದಕ್ ಸರಿ." ವಿಜ್ಞಾನಕ್ಕೆ ಇದು ಸಾಲದಿರಬಹುದು, ಬದುಕುವುದಕ್ಕೆ ಧಾರಾಳವಾಗಿ ಸಾಕು.

ಆದರೂ ಆ ಬಡಪಾಯಿಯ ಮುಖವನ್ನು ಒಮ್ಮೆ ಸರಿಯಾಗಿ ನೋಡಬೇಕೆಂಬುದು ನನ್ನ ವಾದ. ಹತ್ತಿರ ಹೋಗಿ ಅಲ್ಲ, ದಂಡೆಯ ಮೇಲೆ ನಿಂತೇ. ಅಮರ್ಜಾ ಹಿನ್ನೀರಿನ ಅಂಚಿನಲ್ಲೋ, ಗಾಣಗಾಪುರದಲ್ಲಿ ಅಮರ್ಜಾ ಬಂದು ಭೀಮೆಗೆ ಸೇರುವ ಸಂಗಮದ ಕೆಳಗಿನ ಕಲ್ಲುಗಳ ಸಂದಿಯಲ್ಲೋ, ತೊಗರಿ ಹೊಲದ ಮೂಲೆಯ ಕೃಷಿ ಹೊಂಡದಲ್ಲೋ ಸುಮ್ಮನೆ ಕೂತರೆ ಸಾಕು. ಬೇಸಿಗೆಯಲ್ಲಿ ಹೊಳೆ ಮಡು ಮಡುವಾಗಿ ಒಡೆದು ನಿಂತಾಗ ಮೀನೆಲ್ಲ ಒಂದೇ ಕಡೆ ಸೇರುತ್ತವೆ, ಅವುಗಳ ಹಿಂದೆ ಇವೂ ಬರುತ್ತವೆ. ಮೊದಲ ಮಳೆಯ ರಾತ್ರಿಯಾದರೆ ಕಣ್ಣಿಗಿಂತ ಕಿವಿ ಉಪಯೋಗ. ವಟಗುಟ್ಟುವ ಕಪ್ಪೆಗಳ ನಡುವೆ ಒಂದು ಕಪ್ಪೆ ಮಾತ್ರ ರಾಗ ಬದಲಿಸಿ ಎಳೆದೆಳೆದು ಅರಚಿತೆಂದರೆ ಅಲ್ಲಿ ಊಟ ಶುರುವಾಗಿದೆ.

ಮೊದಲು ಕಾಣುವುದು ತಲೆಯಷ್ಟೇ. ಪಾಚಿಯ ನಡುವೆ ಹೆಬ್ಬೆಟ್ಟಿನ ಗಾತ್ರದ್ದೊಂದು ಕಡ್ಡಿಯ ತುದಿ ಇದ್ದಂತಿರುತ್ತದೆ. ಕಡ್ಡಿ ನಾಲಗೆ ಚಾಚಿದಾಗ ಅನುಮಾನ ಬಗೆಹರಿಯುತ್ತದೆ. ಕಣ್ಣಿನ ಪಾಪೆ ದುಂಡಗಿರುತ್ತದೆ. ಕಣ್ಣಿನ ಕೆಳಗಿಂದ ಮೇಲ್ದುಟಿಗೆ ಒಂದು ಕಪ್ಪು ಗೆರೆ, ಕಣ್ಣಿನ ಹಿಂದಿನಿಂದ ಬಾಯಿಯ ಮೂಲೆಗೆ ಓರೆಯಾಗಿ ಇನ್ನೊಂದು. ಯಾರೋ ಕಾಡಿಗೆ ಹಚ್ಚಲು ಹೋಗಿ ಕೈ ಜಾರಿದ ಹಾಗೆ. ಈ ಎರಡು ಗೆರೆ ಕಂಡರೆ ಅರ್ಧ ಕೆಲಸ ಮುಗಿಯಿತು. ಮೈ ಹಸಿರುಗಂದು ಅಥವಾ ಹಳದಿಗಂದು, ಅದರ ಮೇಲೆ ಚದುರಂಗದ ಮನೆಗಳಂತೆ ಕಪ್ಪು ಚುಕ್ಕೆಗಳ ಸಾಲು. ಹೊಟ್ಟೆ ಬಿಳುಪು. ಬೆನ್ನಿನ ಹುರುಪೆಗಳ ನಡುವೆ ಸಣ್ಣ ಏಣು. ನಡುಮೈಯಲ್ಲಿ 19 ಸಾಲು ಹುರುಪೆ ಇದೆಯೇ ಎಂದು ಎಣಿಸಬೇಕೆಂದು ಪುಸ್ತಕಗಳು ಹೇಳುತ್ತವೆ. ಎಣಿಸಿಕೊಳ್ಳಲು ಅದೂ ಒಪ್ಪಬೇಕಲ್ಲ!

1799ರಲ್ಲಿ ಜರ್ಮನಿಯ ಶ್ನೈಡರ್ ಎಂಬ ಪಂಡಿತ ಇದಕ್ಕೆ 'ಪಿಸ್ಕೇಟರ್', ಅಂದರೆ ಮೀನುಗಾರ, ಎಂದು ಹೆಸರಿಟ್ಟ. ಆ ಹೆಸರು ಇಂದಿಗೂ ಉಳಿದಿದೆ. ಮನೆತನದ ಹೆಸರು ಮಾತ್ರ ನ್ಯಾಟ್ರಿಕ್ಸ್ ಹೋಗಿ ಝೆನೊಕ್ರೋಫಿಸ್ ಆಗಿ, ಈಗ ಫೌಲಿಯಾಕ್ಕೆ ಬಂದು ನಿಂತಿದೆ. 2014ರಲ್ಲಿ ಗುಲಬರ್ಗಾ ಕಲಬುರಗಿಯಾದ ಮೇಲೂ ನಮ್ಮವರು ಬಸ್ಸಿನಲ್ಲಿ "ಒಂದು ಗುಲಬರ್ಗಾ ಕೊಡ್ರಿ" ಅನ್ನುವುದನ್ನು ಬಿಟ್ಟಿಲ್ಲ. ಹಾವಿನವರಿಗೂ ಇಂಥ ಕಷ್ಟ ಇದ್ದೇ ಇರಬೇಕು.

ಇದರ ದೊಡ್ಡ ದುರದೃಷ್ಟವೆಂದರೆ ಸ್ವಭಾವ. ವಿಷ ಇಲ್ಲ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಹೆದರಿದರೆ ಕುತ್ತಿಗೆಯನ್ನು ಚಪ್ಪಟೆ ಮಾಡಿ ತಲೆ ಎತ್ತುತ್ತದೆ, ನೋಡಿದವರು "ಹೆಡೆ ಎತ್ತ್ಯಾದ!" ಎಂದು ಬಡಿಗೆ ತರುತ್ತಾರೆ. ಓಡುವ ಬದಲು ನಾಗರವೇಷ ಹಾಕಿ ಪ್ರಾಣ ಕಳೆದುಕೊಳ್ಳುವ ಈ ನಟನಿಗೆ ಯಾರು ಬುದ್ಧಿ ಹೇಳಬೇಕು? ಬಲೆಯಲ್ಲಿ ಸಿಕ್ಕಾಗ ಬಿಡಿಸಹೋದ ಕೈಗೇ ಕಚ್ಚುತ್ತದೆ. ಹಲ್ಲು ಚಿಕ್ಕವು, ರಕ್ತ ಬರುತ್ತದೆ. ಸೋಪು ಹಚ್ಚಿ ತೊಳೆದು ಟಿಟಿ ಇಂಜೆಕ್ಷನ್ ಮಾಡಿಸಿಕೊಂಡರೆ ಆಯಿತು. ಹೊಳೆಯಲ್ಲೇ ಬದುಕು ಕಳೆಯುವ ಅಂಬಿಗರು ಇದಕ್ಕೆ ಹೆದರುವುದಕ್ಕಿಂತ ಬೈಯುವುದೇ ಹೆಚ್ಚು, ಮೀನು ಕದಿಯುತ್ತದಲ್ಲ.

ಕೊಳಕುಮಂಡಲದ ಗುರುತು ಬೇರೆಯೇ. ಅಗಲ ತ್ರಿಕೋನದ ತಲೆ, ಸೀಳು ಪಾಪೆ, ದಪ್ಪ ಮೈ, ಗಿಡ್ಡ ಬಾಲ, ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ದುಂಡು ಮಚ್ಚೆ. ಅದರ ಬುಸುಗುಟ್ಟುವಿಕೆಯನ್ನು ಒಮ್ಮೆ ಕೇಳಿದವರಿಗೆ ಯಾವ ಪುಸ್ತಕವೂ ಬೇಡ.

ಇಷ್ಟೆಲ್ಲ ಕಲಿತವರು ಮಾಡುವ ಎಡವಟ್ಟೊಂದಿದೆ: ನೀರಿನಲ್ಲಿ ಕಂಡದ್ದೆಲ್ಲ ನೀರಹಾವು ಅನ್ನುವುದು. ನಾಗರಹಾವೂ ಈಜುತ್ತದೆ, ಕೇರೆಯೂ ಈಜುತ್ತದೆ. 2020ರ ಅಕ್ಟೋಬರಿನಲ್ಲಿ ಬಂದಂಥ ಮಹಾಪೂರದಲ್ಲಿ ಬಿಲ ಮುಳುಗಿದ ಯಾವ ಹಾವಾದರೂ ಈಜಲೇಬೇಕು. ಅಂಥ ಹೊತ್ತಿನಲ್ಲಿ ಮನೆ ಕಟ್ಟೆಗೆ ಬಂದು ಮಲಗಿದ್ದನ್ನು "ನಮ್ಮ ಹೊಳಿದೇ ಬಿಡ್ರಿ" ಎಂದು ಬಾಲ ಹಿಡಿದು ಎಸೆಯುವ ಶೂರರಿಗೆ ದೂರದಿಂದಲೇ ನಮಸ್ಕಾರ. ಕಣ್ಣಿನ ಕೆಳಗಿನ ಗೆರೆ ಕಾಣುವಷ್ಟು ಸಮೀಪ ಬೇಕೆಂದರೆ ಮೊಬೈಲಿನ ಜೂಮ್ ಎಳೆಯಿರಿ, ಕಾಲು ಎಳೆಯಬೇಡಿ. ಹೊಡೆಯಲೂ ಬೇಡಿ, 1972ರ ವನ್ಯಜೀವಿ ಕಾಯ್ದೆ ಇದನ್ನೂ ಕಾಯುತ್ತದೆ.

ಕಚ್ಚಿಸಿಕೊಂಡವರಿಗೆ ಮಾತ್ರ ಈ ಮುಖಪರಿಚಯದ ಪಾಠ ಅನ್ವಯಿಸುವುದಿಲ್ಲ. ಗುರುತು ಖಚಿತವಿಲ್ಲದಿದ್ದರೆ ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆಸ್ಪತ್ರೆಯಲ್ಲಿ ಕೊಡುವ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಡಾಕ್ಟರು ನೋಡುವುದು ಕಚ್ಚಿಸಿಕೊಂಡವರ ಲಕ್ಷಣವನ್ನು. ಆದ್ದರಿಂದ ಹಾವನ್ನು ಕೊಂದು ಚೀಲದಲ್ಲಿ ತುಂಬಿಕೊಂಡು ತರಬೇಡಿ. ಬೈಕಿನ ಆ ಜಾಗದಲ್ಲಿ ಕಚ್ಚಿಸಿಕೊಂಡವರನ್ನು ಹಿಡಿದುಕೊಳ್ಳುವವರೊಬ್ಬರು ಕೂರಲಿ.