ರಾಹುಕಾಲದಲ್ಲಿ ಬರೆಯಿರಿ

ಬರೆಯುವವರಿಗೂ ಬಣ್ಣ ಕಲೆಸುವವರಿಗೂ ಒಪ್ಪುವ ಹೊತ್ತು ಯಾವುದೆಂದು ಕೇಳಿದರೆ ಬಲ್ಲವರೆಲ್ಲ ಒಕ್ಕೊರಲಿನಿಂದ ಬ್ರಾಹ್ಮೀ ಮುಹೂರ್ತ ಎನ್ನುತ್ತಾರೆ. ಹೀಗೆಂದವರು ಯಾರೂ ಸುಬ್ರಹ್ಮಣ್ಯಪುರದ ಮೂವತ್ತು-ನಲವತ್ತರ ಸೈಟಿನ ಎರಡನೇ ಮಹಡಿಗೆ ಬಾಡಿಗೆ ಕಟ್ಟಿದವರಲ್ಲ. ಇಲ್ಲಿ ಆ ಮುಹೂರ್ತದಲ್ಲಿ ಸಾಕ್ಷಾತ್ ಬ್ರಹ್ಮನೇ ಸೃಷ್ಟಿಗೆ ಕೂತರೂ ಹಾಲಿನ ಕ್ರೇಟು, ಸಂಪಿನ ಮೋಟಾರು, ಪಕ್ಕದ ಮನೆಯ ಸುಪ್ರಭಾತ ಸೇರಿ ಅವನನ್ನು ಎಬ್ಬಿಸಿಬಿಡುತ್ತವೆ. ಕಾವೇರಿ ನೀರಿನ ಸರದಿ ಬಂದ ದಿನವಂತೂ ಮಾತೇ ಬೇಡ. ತೊರೆಕಾಡನಹಳ್ಳಿಯಲ್ಲಿ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಿನ ತಳ್ಳು ತಿಂದು, ನೂರು ಕಿಲೋಮೀಟರಿನಷ್ಟು ದೂರ ಏರು ಹತ್ತಿ ಬಂದ ಅತಿಥಿಯನ್ನು ಬಾಗಿಲಲ್ಲೇ ನಿಲ್ಲಿಸಿ ಸ್ಫೂರ್ತಿಯನ್ನು ಉಪಚರಿಸುವ ಎದೆಗಾರಿಕೆ ಯಾವ ಕವಿಗಿದೆ? ನನ್ನ ವಾದ ಇಷ್ಟೇ: ಕಲಾವಿದ ತನ್ನ ಹೊತ್ತನ್ನು ತಾನೇ ಆರಿಸಿಕೊಳ್ಳುತ್ತಾನೆಂಬುದು ಭ್ರಮೆ. ಮನೆ, ಬೀದಿ, ಕಚೇರಿ ಮೂರೂ ಬೇಡವೆಂದು ಬಿಟ್ಟ ಹೊತ್ತು ಯಾವುದೋ ಅದೇ ಅವನ ಪಾಲು. ಅದನ್ನು ಗುರುತಿಸಿ ಬೇಲಿ ಹಾಕಿಕೊಂಡರೆ ಅರ್ಧ ಪ್ರತಿಭೆ ಬಂದಂತೆ.

ಸಾಕ್ಷಿಗೆ ದೂರ ಹೋಗಬೇಕಿಲ್ಲ. ಗವಿಪುರದ ಮಾಸ್ತಿಯವರು 1943ರವರೆಗೆ ಮೈಸೂರು ಸರ್ಕಾರದ ಅಧಿಕಾರಿ; ಕಡತಗಳ ಸಂದಿನಲ್ಲೇ ಕತೆಗಳು ಹುಟ್ಟಿದವು. ನಿವೃತ್ತರಾಗಿ ಇಡೀ ದಿನ ಕೈಗೆ ಸಿಕ್ಕ ಮೇಲೂ ಸಂಜೆಯನ್ನು ಅವರು ಸರಸ್ವತಿಗೆ ಬರೆದುಕೊಡಲಿಲ್ಲ; ಅದು ಬಸವನಗುಡಿ ಕ್ಲಬ್ಬಿನ ಇಸ್ಪೀಟಿಗೆ ಮೀಸಲು. 'ಚಿಕವೀರ ರಾಜೇಂದ್ರ' 1956ರಲ್ಲಿ ಬಂತು, ಜ್ಞಾನಪೀಠ 1983ರಲ್ಲಿ. ಶಿಸ್ತಿನ ಭಕ್ತರು ಮಾಸ್ತಿಯವರನ್ನು ಬಿಟ್ಟು ಇಂಗ್ಲೆಂಡಿನ ಆಂಟನಿ ಟ್ರಾಲಪ್‌ನನ್ನು ಮುಂದೆ ಮಾಡುತ್ತಾರೆ. ಅಂಚೆ ಇಲಾಖೆಯ ನೌಕರ, ಬೆಳಿಗ್ಗೆ 5.30ಕ್ಕೆ ಮೇಜಿಗೆ ಹಾಜರು, ಎದುರಿಗೆ ಗಡಿಯಾರ, ಕಾಲು ಗಂಟೆಗೆ 250 ಪದ, ಒಟ್ಟು 47 ಕಾದಂಬರಿ. ಅವರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಟ್ರಾಲಪ್ ಮಾತ್ರ ಪ್ರಾಮಾಣಿಕ. ತನ್ನನ್ನು ಎಬ್ಬಿಸಲೆಂದು ಕುದುರೆ ಲಾಯದ ಮುದುಕನಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಕೊಡುತ್ತಿದ್ದುದನ್ನೂ, ಆತ ಒಂದು ದಿನವೂ ಕಾಫಿಗೆ ತಡಮಾಡದಿದ್ದುದನ್ನೂ, ತನ್ನ ಯಶಸ್ಸಿಗೆ ಎಲ್ಲರಿಗಿಂತ ಅವನಿಗೇ ಹೆಚ್ಚು ಋಣಿಯಿರಬಹುದೆಂಬುದನ್ನೂ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ನಮ್ಮ ಬಡಾವಣೆಗಳಲ್ಲಿ ಆ ಕಾಫಿ ಮಾಡುವವರಿಗೆ 5 ಪೌಂಡೂ ಇಲ್ಲ, ಆತ್ಮಕಥೆಯಲ್ಲಿ ಸಾಲೂ ಇಲ್ಲ. ಅವರೇ ಬರೆಯಹೊರಟರೆ? 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ. ಬಿಡುವು ಅವರಿಗೆ ದಿನದ ಲೆಕ್ಕದಲ್ಲಿ ಸಿಗದೆ ಆಯುಷ್ಯದ ಲೆಕ್ಕದಲ್ಲಿ ಸಿಕ್ಕಂತಿದೆ.

ಸ್ಫೂರ್ತಿಗೆ ಗಡಿಯಾರ ಕಟ್ಟಬಹುದೇ, ಕಾಫ್ಕಾ ಒಂದೇ ರಾತ್ರಿಯಲ್ಲಿ ಕೂತು ಕತೆ ಮುಗಿಸಲಿಲ್ಲವೇ ಎಂದು ಯಾರಾದರೂ ಎದ್ದು ನಿಲ್ಲುತ್ತಾರೆ. ಮುಗಿಸಿದ, 1912ರ ಸೆಪ್ಟೆಂಬರ್ 22ರ ರಾತ್ರಿ. ಆದರೆ ಅದು ರಾತ್ರಿಯೇ ಏಕಾಯಿತು? ಹಗಲು ವಿಮಾ ಕಚೇರಿಯದು, ಸಂಜೆ ಮನೆಮಂದಿಯದು. ಮನೆಯ ಗದ್ದಲದ ಮೇಲೆ ಅದೇ ವರ್ಷ ಅವನು ಒಂದು ಬರಹವನ್ನೇ ಅಚ್ಚು ಹಾಕಿಸಿದ್ದ. ಸ್ಫೂರ್ತಿ ಬಂದದ್ದು ಎಲ್ಲರೂ ಮಲಗಿದ ಮೇಲೆ, ಖಾಲಿ ಇದ್ದ ಕುರ್ಚಿ ನೋಡಿಕೊಂಡು. ಹಾಗಾದರೆ ದೊಡ್ಡ ಜಾಗವಿದ್ದರೆ ಎಲ್ಲ ಹೊತ್ತೂ ನಮ್ಮದೇ ಅಲ್ಲವೇ ಎಂಬುದು ಇನ್ನೊಂದು ಆಸೆ. ಕನಕಪುರ ರಸ್ತೆಯ ತಾತಗುಣಿಯಲ್ಲಿ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಮತ್ತು ದೇವಿಕಾ ರಾಣಿಯವರಿಗೆ 450ಕ್ಕೂ ಹೆಚ್ಚು ಎಕರೆ ಇತ್ತು. ಜೊತೆಗೆ ಸುಗಂಧ ತೈಲಕ್ಕಾಗಿ ಬೆಳೆದ ಲಿನಾಲೋ ಮರಗಳ ಉಸ್ತುವಾರಿಯೂ ಇತ್ತು. ಅವರು ತೀರಿಕೊಂಡ ಮೇಲೆ ಆಸ್ತಿಯ ವ್ಯಾಜ್ಯ 2011ರಲ್ಲಿ ಸುಪ್ರೀಂ ಕೋರ್ಟಿನವರೆಗೆ ನಡೆಯಿತು. ಎಕರೆ ಹೆಚ್ಚಿದಷ್ಟೂ ಲೆಕ್ಕಪತ್ರ ಹೆಚ್ಚು.

ಹಾಗಾಗಿ ಯಾರಿಗೂ ಬೇಡದ ಹೊತ್ತು ಬೇಕಾದವರಿಗೆ ನನ್ನ ಶಿಫಾರಸು ರಾಹುಕಾಲ. ದಿನಕ್ಕೆ ಒಂದೂವರೆ ಗಂಟೆ, ಕ್ಯಾಲೆಂಡರಿನಲ್ಲೇ ಅಚ್ಚಾಗಿರುತ್ತದೆ. ಆಗ ಹೆಣ್ಣು ನೋಡಲು ಬರುವವರಿಲ್ಲ, ಸೈಟಿಗೆ ಅಡ್ವಾನ್ಸ್ ಕೊಡುವವರಿಲ್ಲ, ಗೃಹಪ್ರವೇಶಕ್ಕೆ ಕರೆಯುವವರಿಲ್ಲ. ಅಶುಭವಲ್ಲವೇ ಎನ್ನುವವರಿಗೆ ಶಾಸ್ತ್ರದಲ್ಲೇ ಉತ್ತರವಿದೆ: ನಿಷೇಧವಿರುವುದು ಹೊಸದರ ಆರಂಭಕ್ಕೆ. ಒಳ್ಳೆಯ ಗಳಿಗೆಯಲ್ಲಿ ಮೊದಲ ಸಾಲು ಬರೆದಿಟ್ಟುಕೊಂಡರೆ ಉಳಿದ ಮುನ್ನೂರು ಪುಟಕ್ಕೆ ಯಾವ ಪುರೋಹಿತರೂ ಅಡ್ಡಿ ಹೇಳುವುದಿಲ್ಲ. ಬುಧವಾರ ಹನ್ನೆರಡಕ್ಕೆ, ಗುರುವಾರ ಒಂದೂವರೆಗೆ, ಶುಕ್ರವಾರ ಹತ್ತೂವರೆಗೆ ಎಂದು ದಿನಕ್ಕೊಂದು ಕಡೆ ಅಲೆಯುವುದನ್ನು ದಿನಚರಿ ಎನ್ನಬಹುದೇ ಎಂದರೆ, ಐಟಿ ಕಂಪನಿಗಳ ಶಿಫ್ಟಿಗೆ ಒಗ್ಗಿಕೊಂಡ ಊರಿಗೆ ಇದು ಹೊಸದೇನಲ್ಲ. ತೊಡಕಿರುವುದು ಸೋಮವಾರ ಒಂದರಲ್ಲಿ. ಅಂದು ರಾಹು ಏಳೂವರೆಯಿಂದ ಒಂಬತ್ತರವರೆಗೆ, ಸರಿಯಾಗಿ ಸ್ಕೂಲ್ ವ್ಯಾನು, ಟಿಫಿನ್ ಡಬ್ಬಿ, ಕಾಣೆಯಾದ ಸಾಕ್ಸಿನ ಸಮಯಕ್ಕೆ ಬರುತ್ತಾನೆ. ಆ ಹೊತ್ತು ಅವನ ಕೈಯಲ್ಲೂ ಸಾಗುವಂಥದ್ದಲ್ಲ. ಸೋಮವಾರ ಸಾಹಿತ್ಯಕ್ಕೆ ರಜೆ.