ಸಲಹೆ ನಗದು, ಬೀಜ ಉದ್ರಿ

ಬೆಂಗಳೂರಿನ ಕಂಪನಿಗಳಲ್ಲಿ ಇಪ್ಪತ್ತೈದು ಮೂವತ್ತು ವರ್ಷ ಏಸಿಯಲ್ಲಿ ಕೂತವರಿಗೆ ಐವತ್ತು ದಾಟಿದ ಮೇಲೆ ಒಂದು ಜ್ವರ ಬರುತ್ತದೆ. ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಟ್ಟೆ ಎನ್ನುತ್ತಾರೆ. ಅದರಲ್ಲಿ ಕಂಪನಿಯ ಇಚ್ಛೆ ಎಷ್ಟಿತ್ತು ಎಂದು ಕೇಳಿದರೆ ಮುಖ ಸಣ್ಣದಾಗುತ್ತದೆ. ಮರುವಾರವೇ ವಿಸಿಟಿಂಗ್ ಕಾರ್ಡು ಅಚ್ಚಾಗುತ್ತದೆ: ‘ಕನ್ಸಲ್ಟೆಂಟ್’. ಯಾವುದರ ಕನ್ಸಲ್ಟೆಂಟ್ ಎಂಬುದನ್ನು ಗಿರಾಕಿ ಸಿಕ್ಕ ಮೇಲೆ ತುಂಬಿದರಾಯಿತು. ವರ್ಷದ ಆದಾಯ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಲ್ಲವೇ ಎಂದು ಆಡಿಟರನ್ನು ಗಾಬರಿಯಿಂದ ಕೇಳುತ್ತಾರೆ. ‘ಆ ಚಿಂತಿ ಈಗ ಬ್ಯಾಡ್ರಿ’ ಎಂದು ಆಡಿಟರು ಸಮಾಧಾನ ಹೇಳುತ್ತಾರೆ.

ರಾಜಧಾನಿಯಲ್ಲಿ ಇಂಥ ಕಾರ್ಡುಗಳು ಹೆಚ್ಚಾಗಿ ಈಗ ಪುಣೆ ಹೆದ್ದಾರಿ ಹಿಡಿದು ನಮ್ಮ ಹಾವೇರಿ ಜಿಲ್ಲೆಗೆ ಇಳಿಯುತ್ತಿವೆ. ಹಾನಗಲ್ಲಿನ ಮಾವಿಗೆ ಬ್ರ್ಯಾಂಡಿಂಗ್, ಸವಣೂರಿನ ಎಲೆಗೆ ಸಪ್ಲೈ ಚೈನ್, ಹಿರೇಕೆರೂರಿನ ಗೋವಿನಜೋಳಕ್ಕೆ ವ್ಯಾಲ್ಯೂ ಅಡಿಷನ್. ಶಿಗ್ಗಾವಿಗೆ ಏನೆಂದು ಇನ್ನೂ ತೀರ್ಮಾನವಾಗಿಲ್ಲ. ಮೊದಲು ಸರ್ವೆ ಆಗಬೇಕಂತೆ.

ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಸಲಹೆಯ ಪೇಟೆ ಎಂದೋ ಕೆಟ್ಟಿದೆ, ಕೆಡಿಸಿದವರೂ ಇಲ್ಲಿಯವರೇ. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳು ತಮ್ಮವನೆನ್ನುವ ಸರ್ವಜ್ಞ, ಉಣ್ಣುವುದರಿಂದ ಹಿಡಿದು ಮುಕ್ತಿಯವರೆಗೆ ಎಲ್ಲಕ್ಕೂ ಮೂರೇ ಸಾಲಿನಲ್ಲಿ ಸಲಹೆ ಕೊಟ್ಟ. ಸ್ಲೈಡಿಲ್ಲ, ಬಿಲ್ಲಿಲ್ಲ. ಶಿಗ್ಗಾವಿ ತಾಲ್ಲೂಕಿನ ಬಾಡದ ಕನಕದಾಸರು ದಂಡನಾಯಕಿಕೆ ಬಿಟ್ಟರು. ಅದೇ ತಾಲ್ಲೂಕಿನ ಶಿಶುವಿನಾಳದ ಷರೀಫರು ಸಾಲಿ ಮಾಸ್ತರಿಕೆ ಬಿಟ್ಟರು. ‘ಮಾಜಿ ದಂಡನಾಯಕ, ಬಂಕಾಪುರ ವಲಯ’ ಎಂದು ಯಾರೂ ಕಾರ್ಡು ಹಾಕಿಸಲಿಲ್ಲ. ಇನ್ನು ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು 1981ರಲ್ಲಿ ಸರಕಾರಕ್ಕೆ ಭಾಷೆಯ ವರದಿ ಒಪ್ಪಿಸಿದರು. ಕೇಳಿದ ಸರಕಾರವೇ ಅದನ್ನು ಪಕ್ಕಕ್ಕಿಟ್ಟಿತು; ಕದಲಿಸಲು ರಾಜಕುಮಾರ್ ಬೀದಿಗಿಳಿಯಬೇಕಾಯಿತು. ನಿಮ್ಮ ವರದಿಗೆ ಯಾವ ಹೀರೋ ಬರುತ್ತಾನೆ, ಯೋಚಿಸಿ.

ಹಾಗಂತ ಸಲಹೆಗೆ ದುಡ್ಡೇ ಇಲ್ಲವೆಂದಲ್ಲ. ಕೇಂದ್ರ ಸರಕಾರ 2020ರಲ್ಲಿ 10,000 ರೈತ ಉತ್ಪಾದಕ ಸಂಘಗಳನ್ನು ಕಟ್ಟುವ ಯೋಜನೆ ತಂದಿತು. ಸಂಘ ತನ್ನ ಕಚೇರಿ, ಸಿಬ್ಬಂದಿಯ ಖರ್ಚು ನಡೆಸಿಕೊಳ್ಳಲು ಮೂರು ವರ್ಷಕ್ಕೆ 18 ಲಕ್ಷ ರೂಪಾಯಿವರೆಗೆ. ಆ ಸಂಘವನ್ನು ಕೈಹಿಡಿದು ನಡೆಸುವ ಸಂಸ್ಥೆಗೆ ಐದು ವರ್ಷಕ್ಕೆ 25 ಲಕ್ಷದವರೆಗೆ. (ಷೇರು ಹಣಕ್ಕೆ ಜೋಡಿಯಾಗಿ 15 ಲಕ್ಷದವರೆಗಿನ ಅನುದಾನ ಬೇರೆ ಇದೆ, ಅದಕ್ಕೆ ರೈತ ಮೊದಲು ತನ್ನ ಕಿಸೆಗೆ ಕೈ ಹಾಕಬೇಕು.) ಕಾರ್ಡಿನ ಸಾಹೇಬರಿಗೆ ಊರಿನ ಮೇಲೆ ಮಮತೆ ಉಕ್ಕುವುದು ಈ ಲೆಕ್ಕ ಓದಿದ ಮೇಲೆ.

ಸಾಹೇಬರು ಹಾನಗಲ್ಲಿನ ಕಡೆ ಒಂದು ಸಭೆ ಕರೆದರೆನ್ನಿ. ಲ್ಯಾಪ್‌ಟಾಪು, ಪರದೆ, ಚಹಾ, ಮಂಡಕ್ಕಿ. ರೈತನೊಬ್ಬ ಎದ್ದು ಕೇಳುತ್ತಾನೆ: ‘ಸಾಹೇಬ್ರ, ಮಾವು ಹೂ ಬಿಟ್ಟಾಗ ಮಾಡ ಕಟ್ಟಿದ್ರ ಏನ್ ಮಾಡೂದ್ರಿ?’

‘ಅದಕ್ಕೆ ರಿಸ್ಕ್ ಮಿಟಿಗೇಷನ್ ಮಾಡೋಣ.’

‘ಅದನ್ನ ಒಂದು ಟ್ಯಾಂಕಿಗೆ ಎಷ್ಟು ಹಾಕೂದ್ರಿ?’

ನಗಬೇಡಿ. ಪ್ರಶ್ನೆ ಸರಿಯಾಗಿಯೇ ಇದೆ. ಈ ರೈತನಿಗೆ ರೂಢಿಯಿರುವ ಸಲಹೆಗಾರ ಗೊಬ್ಬರದ ಅಂಗಡಿಯವನು. 2018ರಲ್ಲಿ ಅಮೆರಿಕ ಮೂಲದ ಲದ್ದಿ ಹುಳ ರಾಜ್ಯದ ಗೋವಿನಜೋಳಕ್ಕೆ ಗಂಟುಬಿದ್ದಾಗಿನಿಂದ, ಸುಳಿ ಕಿತ್ತು ತಂದು ಕೌಂಟರಿನ ಮೇಲಿಟ್ಟರೆ ಅಂಗಡಿಯವನು ಒಂದು ನಿಮಿಷ ನೋಡಿ ಬಾಟಲಿ ಇಳಿಸುತ್ತಾನೆ. ಸಲಹೆ ಫುಕಟ್, ಲಾಭ ಬಾಟಲಿಯಲ್ಲಿ. ಅವನೇನು ಸಂತನಲ್ಲ, ಬೇಡದ ಔಷಧವನ್ನೂ ದಾಟಿಸುತ್ತಾನೆ, ಬಡ್ಡಿಯನ್ನು ಬೆಲೆಯೊಳಗೇ ಅಡಗಿಸುತ್ತಾನೆ. ಆದರೆ ಬೀಜ, ಗೊಬ್ಬರ ಉದ್ರಿ ಕೊಟ್ಟಿರುತ್ತಾನೆ. ಬೆಳೆ ಕೈಕೊಟ್ಟರೆ ಅವನ ದುಡ್ಡೂ ಹೊಲದಲ್ಲೇ ಉಳಿಯಿತು. ಅದಕ್ಕೇ ಅವನ ಮಾತು ರೈತನಿಗೆ ಮಾತು. ಸಾಹೇಬರ ಫೀ ಅರ್ಧ ಮುಂಗಡ, ಅರ್ಧ ವರದಿ ಕೊಟ್ಟ ದಿನ. ಮಳೆ ಬಂದರೇನು, ಬಿಟ್ಟರೇನು?

ಕಂಪನಿಯಲ್ಲೂ ಹೀಗೇ ಇತ್ತೆನ್ನುವುದು ಸಾಹೇಬರು ಮರೆತಿರುವ ಸಂಗತಿ. ಅಲ್ಲಿ ಎಲ್ಲರೂ ತಲೆ ಆಡಿಸಿದ್ದು ಇವರ ಬುದ್ಧಿಗೆಂದು ಇವರು ತಿಳಿದಿದ್ದಾರೆ. ಅವರು ತಲೆ ಆಡಿಸಿದ್ದು ವರ್ಷದ ಕೊನೆಗೆ ಇವರು ಬರೆಯುತ್ತಿದ್ದ ಇನ್‌ಕ್ರಿಮೆಂಟಿಗೆ. ಆ ಪೆನ್ನು ಕಂಪನಿಯಲ್ಲೇ ಉಳಿದಿದೆ.

ಆದರೂ ಬರ್ರಿ ಸಾಹೇಬ್ರ, ಊರು ನಿಮ್ಮದೇ. ಕಾರ್ಡು ಹಂಚುವುದಕ್ಕೆ ಮೊದಲು ಎರಡೆಕರೆ ಲಾವಣಿ ಹಿಡಿಯಿರಿ. ನಿಮ್ಮದೇ ಪಿಎಫ್ ದುಡ್ಡು ಹಾಕಿ ಒಂದು ಹಂಗಾಮು ಗೋವಿನಜೋಳ ಬಿತ್ತಿ, ಎಪಿಎಂಸಿಯಲ್ಲಿ ನಿಂತು ಮಾರಿ, ಪಟ್ಟಿ ತಗೊಂಡು ಬರ್ರಿ. ಫೀ ಎಷ್ಟೆಂಬುದನ್ನು ಆಮೇಲೆ ಕಟ್ಟೆ ಮೇಲೆ ಕೂತು ಮಾತಾಡೋಣ.