ಗಾಜಿನ ಬಚ್ಚಲಮನೆ

ಬಸವನಗುಡಿಯಲ್ಲಿ ಸ್ವಂತ ಮನೆ ಇರುವವನು ಎಂ.ಜಿ. ರಸ್ತೆಯ ಮಗ್ಗುಲಲ್ಲಿ ರೂಮು ಮಾಡಿ ಮಲಗಿ ಬಂದ ಎಂದರೆ ಕೇಳಿದವರು ಮೊದಲು ಅನುಮಾನಿಸುವುದು ಅವನ ಸಂಸಾರವನ್ನು. ಹೆಂಡತಿಯೂ ಜೊತೆಗಿದ್ದಳು ಎಂದರೆ ಅನುಮಾನ ಮನೆಯ ಕಡೆ ತಿರುಗುತ್ತದೆ. 'ಯಾಕೆ, ಪೇಂಟ್ ಮಾಡಿಸ್ತಿದ್ರಾ? ತಿಗಣೆ ಔಷಧಿ ಹೊಡೆಸಿದ್ರಾ?' ಮದುವೆ ದಿನಕ್ಕೆಂದು ಮಗಳು ಕೊಡಿಸಿದ ಉಡುಗೊರೆ ಎಂದು ಬಿಡಿಸಿ ಹೇಳಿದರೂ ಪಕ್ಕದ ಮನೆಯವರ ಮುಖದ ಗಂಟು ಸಡಿಲವಾಗಲಿಲ್ಲ. ಅಷ್ಟು ದುಡ್ಡಿಗೆ ಎರಡು ಮಿಕ್ಸಿ ಬರುತ್ತಿತ್ತಲ್ಲ ಎಂಬುದು ಅವರ ಸಂಕಟ. ನನ್ನ ಹೆಂಡತಿಯ ಸಂಕಟವೂ ಅದೇ. ಆದರೆ ಮಗಳ ಮುಂದೆ ಹೇಳುವ ಹಾಗಿರಲಿಲ್ಲ.

ನಮ್ಮಜ್ಜನ ಬಾಯಲ್ಲಿ ಆ ಭಾಗವೆಲ್ಲ 'ದಂಡು'. ಕಬ್ಬನ್ ಪಾರ್ಕು ದಾಟಿದರೆ ಸೀಮೆ ದಾಟಿದ ಹಾಗೆ. ಅಜ್ಜನನ್ನು ಆಡಿಕೊಳ್ಳುವಂತೆಯೂ ಇಲ್ಲ. 1809ರಲ್ಲಿ ಹುಟ್ಟಿದ ದಂಡುಪ್ರದೇಶವನ್ನು, 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ವಾಪಸಾದ ಮೇಲೂ ಬ್ರಿಟಿಷರು 1947ರ ತನಕ ಬಿಟ್ಟುಕೊಡಲಿಲ್ಲ. ಪೇಟೆಗೂ ದಂಡಿಗೂ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ನಾವು ಮಾತ್ರ ನ್ಯಾಷನಲ್ ಕಾಲೇಜಿನಲ್ಲಿ ಹಸಿರು ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ನೇರಳೆಗೆ ಬದಲಾಯಿಸಿ, ಪಾಸ್‌ಪೋರ್ಟಿಲ್ಲದೆ ಪರದೇಶ ತಲುಪಿದೆವು.

ಬಾಗಿಲಲ್ಲಿ ಪೇಟ ಸುತ್ತಿದ ದರವಾನನೊಬ್ಬ ನನ್ನ ಕೈಯಲ್ಲಿದ್ದ ಮದುವೆ ಮನೆಯ ಬಟ್ಟೆ ಚೀಲಕ್ಕೆ ಕೈಹಾಕಿದ. ನಾನು ಬಿಡಲಿಲ್ಲ. ಅವನೂ ಬಿಡಲಿಲ್ಲ. ಚೀಲದ ಮೇಲೆ ಅಚ್ಚಾಗಿದ್ದ ವಧೂವರರು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಜಗ್ಗಿ, ಕೊನೆಗೆ ಹೋಟೆಲಿನವರ ಪಾಲಾದರು.

ಒಳಗೆ ಹೋದವಳೇ ನನ್ನ ಹೆಂಡತಿ ನಿಂತುಬಿಟ್ಟಳು. ಹಜಾರದ ನಟ್ಟನಡುವೆ ತಾಮ್ರದ ಹಂಡೆ! ಅದರ ತುಂಬ ನೀರು, ನೀರಿನ ಮೇಲೆ ಗುಲಾಬಿ ಎಸಳು, ಮೇಲಿಂದ ಅದಕ್ಕೆಂದೇ ಬಿಟ್ಟ ದೀಪ. ಪಕ್ಕದಲ್ಲಿ ಒರಳುಕಲ್ಲು, ಅದರ ಗುಂಡುಕಲ್ಲನ್ನು ಬೇರೆ ಪೀಠದ ಮೇಲೆ ಕೂರಿಸಿದ್ದರು, ಲಿಂಗದ ಹಾಗೆ. ಗೀಸರು ಬಂದ ವರ್ಷ ನಮ್ಮ ಮನೆಯ ಹಂಡೆಯನ್ನು ತೂಕಕ್ಕೆ ಹಾಕಿದವನು ನಾನು. ಇವಳು ಬಗ್ಗಿ ಅಂಚಿನ ಮೇಲೆ ಕೆತ್ತಿದ ಹೆಸರನ್ನು ಹುಡುಕತೊಡಗಿದಳು. ಅದು ಇನ್ಯಾರದೋ ಅಜ್ಜಿಯ ಹಂಡೆಯಾಗಿತ್ತು. ಆದರೂ ಅವಳ ಕಣ್ಣಿಗೆ ನಾನು ಆ ಹೊತ್ತಿಗೆ ವಂಶದ ಸ್ವತ್ತನ್ನು ಹರಾಜು ಹಾಕಿದ ಅಪರಾಧಿಯೇ. 'ಕೇಜಿಗೆ ಎಷ್ಟು ಕೊಟ್ಟಿದ್ದ ಅವನು?' ಎಂದು ಎಲ್ಲರೆದುರು ಕೇಳಿದಳು. ಕೌಂಟರಿನ ಹುಡುಗಿ ನಮ್ಮ ಆಧಾರ್ ಕಾರ್ಡು ನೋಡುತ್ತಿದ್ದಳು. ಬಸವನಗುಡಿಯ ವಿಳಾಸ ಕಂಡು ಒಮ್ಮೆ ತಲೆಯೆತ್ತಿದಳು. ಏನೂ ಕೇಳದಿರುವುದು ಅವರ ತರಬೇತಿ.

ಇಂಥ ಹೋಟೆಲುಗಳಿಗೆ ಬೊಟಿಕ್ ಹೋಟೆಲು ಎನ್ನುತ್ತಾರಂತೆ. ಕೋಣೆಗಳು ಕೆಲವೇ, ಒಂದರಂತೆ ಇನ್ನೊಂದಿಲ್ಲ, ಎಲ್ಲದಕ್ಕೂ ಒಂದೊಂದು ಕಥೆ. ನ್ಯೂಯಾರ್ಕಿನಲ್ಲಿ ಈ ಚಾಳಿಗೆ ನಾಂದಿ ಹಾಡಿದ್ದು ಇಯಾನ್ ಶ್ರೇಗರ್, ಸ್ಟೀವ್ ರುಬೆಲ್ ಎಂಬ ಜೋಡಿ. ಸ್ಟುಡಿಯೊ 54 ಎಂಬ ಕುಣಿತದ ಕ್ಲಬ್ಬು ನಡೆಸಿ, ತೆರಿಗೆ ತಪ್ಪಿಸಿದ್ದಕ್ಕೆ 1980ರಲ್ಲಿ ಜೈಲಿಗೆ ಹೋಗಿ, ಹೊರಬಂದ ಮೇಲೆ 1984ರಲ್ಲಿ ಮಾರ್ಗನ್ಸ್ ಹೋಟೆಲು ತೆರೆದರು. ಅವರು ತಪ್ಪಿಸಿದ್ದನ್ನು ವಸೂಲು ಮಾಡುವ ಹೊಣೆಯನ್ನು ನಮ್ಮ ಸರ್ಕಾರ ವಹಿಸಿಕೊಂಡಿದೆ ಎಂದೇ ನನ್ನ ಗುಮಾನಿ. ದಿನಕ್ಕೆ 7,500 ರೂಪಾಯಿ ಮೀರಿದ ಕೋಣೆಗೆ ಶೇ 18 ಜಿಎಸ್‌ಟಿ. ಅಂಥ ಕೋಣೆಯಿರುವ ಹೋಟೆಲಿನಲ್ಲಿ ಇಡ್ಲಿ ತಿಂದರೂ ಶೇ 18. ಗಾಂಧಿಬಜಾರಿನ ಇಡ್ಲಿಗೆ ಶೇ 5. ಇಡ್ಲಿ ಎರಡೂ ಕಡೆ ಅಕ್ಕಿ, ಉದ್ದಿನದೇ.

ಕೋಣೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಹಾಸಿಗೆಯ ಮೇಲೆ ದಿಂಬುಗಳು ಎಷ್ಟಿದ್ದವೆಂದರೆ ಮಲಗಬೇಕಾದರೆ ಅವಕ್ಕೆ ಮೊದಲು ಬೇರೆ ವಸತಿ ಹುಡುಕಬೇಕು. ಆದರೆ ಬಚ್ಚಲಮನೆಗೆ ಗೋಡೆಯೇ ಇಲ್ಲ. ಕೋಣೆಗೂ ಅದಕ್ಕೂ ನಡುವೆ ಇದ್ದದ್ದು ಸೂರಿನಿಂದ ನೆಲದವರೆಗೆ ಒಂದೇ ಗಾಜು, ಬೀರುವಿನಲ್ಲಿ ಬೆಳ್ಳಿ ಸಾಮಾನು ಇಟ್ಟ ಹಾಗೆ ಕಮೋಡು ಫಳಫಳ ಹೊಳೆಯುತ್ತಿತ್ತು. 'ರೀ, ಕೆಲಸ ಇನ್ನೂ ಮುಗಿದಿಲ್ಲ ಅನ್ಸತ್ತೆ, ಬೇರೆ ರೂಮು ಕೇಳಿ' ಎಂದಳು ಇವಳು.

ಕರೆದ ತಕ್ಷಣ ಬಂದ ಹುಡುಗ ಮಾಗಡಿ ಕಡೆಯವನು. ಸಣ್ಣ ಕೋಣೆ ದೊಡ್ಡದಾಗಿ ಕಾಣಲೆಂದು ಗಾಜು ಹಾಕುವುದಂತೆ. ಹಾಸಿಗೆಯ ಪಕ್ಕದ ಗುಂಡಿಯೊಂದನ್ನು ಒತ್ತಿದ. ಗಾಜೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಒಳಗಿನ ಪದರಕ್ಕೆ ಕರೆಂಟು ಹರಿದರೆ ಗಾಜು ತಿಳಿ, ಕರೆಂಟು ನಿಂತರೆ ಮಬ್ಬು. ಅಂದರೆ ಕರೆಂಟು ಹೋದಾಗಲೇ ಇಲ್ಲಿ ಮಾನ ಉಳಿಯುವುದು! ಬೆಸ್ಕಾಂನವರಿಗೆ ಇಂಥದೊಂದು ಲೋಕೋಪಯೋಗವನ್ನು ನಾನು ಈವರೆಗೆ ಎಣಿಸಿಯೇ ಇರಲಿಲ್ಲ.

'ಗುಂಡಿ ಒಳಗೆ ಇರಬೇಕಿತ್ತಲ್ಲಪ್ಪ, ಸ್ನಾನ ಮಾಡೋರ ಕೈಲಿ?' ಎಂದು ಕೇಳಿದೆ. 'ಒಳಗಡೆ ನೀರು ಬೀಳತ್ತೆ ಸಾರ್' ಎಂದ. ಬೀಳುವುದೇನೋ ನಿಜ.

ಹೀಗೆ ನನ್ನ ಮರ್ಯಾದೆಯನ್ನು ಧರ್ಮಪತ್ನಿಯ ಬೆರಳ ತುದಿಯಲ್ಲಿಟ್ಟು ಸ್ನಾನಕ್ಕಿಳಿದೆ. ಮಳೆಯ ಹಾಗೆ ನೆತ್ತಿಯ ಮೇಲೆ ನೇರ ಸುರಿಯುವ ನೀರು, ಸುಖವಾಗಿತ್ತು. ಇತ್ತ ಇವಳಿಗೆ ಎ.ಸಿ.ಯ ಚಳಿ. ಗುಂಡಿಗಳ ಮೇಲೆ ಅಕ್ಷರವಿಲ್ಲ, ಬರೀ ಚಿತ್ರ: ಅರ್ಧಚಂದ್ರ, ಗಂಟೆ, ಎಲೆ. ಎಲೆಯೇ ತಂಪು ಎಂದು ತರ್ಕ ಮಾಡಿ ಒತ್ತಿದ್ದಾಳೆ. ಮೈಯೆಲ್ಲ ಸೋಪು ಹಚ್ಚಿ ನಿಂತಿದ್ದವನೆದುರು ಗೋಡೆ ಮಾಯವಾಯಿತು. ಅದೇ ಹೊತ್ತಿಗೆ ಹೊರಗೆ ಗಂಟೆ ಬಾರಿಸಿ, ಹಣ್ಣಿನ ತಟ್ಟೆ ಹಿಡಿದು ಮಾಗಡಿಯವನು. ನಾನು ಒಳಗಿಂದ ಕೈಯಾಡಿಸುತ್ತಿದ್ದೆ. ಬಾಗಿಲು ತೆಗೆಯಬೇಡ ಎಂದು ನನ್ನ ಅರ್ಥ, ಬೇಗ ತೆಗೆ ಎಂದು ಅವಳ ಅರ್ಥ. ಅವನು ನೋಡಿದನೋ ಇಲ್ಲವೋ ಕೇಳುವ ಧೈರ್ಯ ನನಗೆ ಬರಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟು ಚಾವಣಿ ನೋಡುತ್ತಲೇ ಹಿಂದೆ ಹಿಂದೆ ನಡೆದು ಹೋದನೆಂದು ಇವಳು ಹೇಳಿದಳು. ಆಮೇಲೆ ಚೀಲದಿಂದ ಮೈಸೂರು ಸಿಲ್ಕ್ ಸೀರೆ ತೆಗೆದು ಗಾಜಿಗೆ ಅಡ್ಡಲಾಗಿ ಇಳಿಬಿಟ್ಟಳು. ಕರೆಂಟಿನ ಹಂಗಿಲ್ಲದ ಈ ಏರ್ಪಾಟು ಅಂದಿಡೀ ಕೆಟ್ಟುಹೋಗದೆ ನಡೆಯಿತು.

ನಮ್ಮಂಥವರಿಗೆ ಒಗ್ಗದಿರುವುದು ಗಾಜಲ್ಲ, ಸೇವೆ. ಬೆಳಿಗ್ಗೆ ಕಣ್ಣುಬಿಟ್ಟಾಗ ಇವಳು ಹಾಸಿಗೆಯ ಹೊದಿಕೆ ಮಡಿಸುತ್ತಿದ್ದಳು. 'ಕ್ಲೀನ್ ಮಾಡೋಕೆ ಆ ಹುಡುಗ ಬರ್ತಾನೆ, ಹೀಗೆ ಬಿದ್ದಿದ್ರೆ ಏನಂದ್ಕೋತಾನೆ?' ಲೋಟ ತೊಳೆದಾಗಿತ್ತು. ಬೇಸಿನ್ನು ಒರೆಸಿಯಾಗಿತ್ತು. ನನಗೂ ಒಂದು ಬಟ್ಟೆ ಕೊಟ್ಟು ಕನ್ನಡಿ ತೋರಿಸಿದಳು. ಇದ್ದ ಕೊಳೆಯನ್ನೆಲ್ಲ ತೆಗೆದ ಮೇಲೆ ಹುಡುಗ ಬಂದು ಕೋಣೆ ನೋಡಿ ಗಾಬರಿಯಾದ. ರಾತ್ರಿ ಇಲ್ಲಿ ಮಲಗಿದ್ದವರು ಯಾರು ಎಂಬಂತೆ ನಮ್ಮಿಬ್ಬರ ಮುಖ ನೋಡಿದ. ಅವನಿಗೆ ಕೆಲಸವಿಲ್ಲದಂತಾಯಿತೆಂದು ಕೂರಿಸಿ ಮಾತಾಡಿಸಿದಳು. ತಂಗಿಗೆ ಮದುವೆ ಗೊತ್ತಾಗಿದೆಯಂತೆ. 'ಮೇಡಮ್' ಹೋಗಿ 'ಅಮ್ಮ' ಆಗಲು ಐದು ನಿಮಿಷ ಹಿಡಿಯಲಿಲ್ಲ.

ಫ್ರಿಜ್ಜಿನ ಮೇಲೆ ಗಾಜಿನ ಭರಣಿಯಲ್ಲಿ ಚಕ್ಕುಲಿ ಇತ್ತು. ಕೊರಳಿಗೆ ಸೆಣಬಿನ ದಾರ, ದಾರಕ್ಕೆ ಚೀಟಿ, ಚೀಟಿಯಲ್ಲಿ ಮುನ್ನೂರೈವತ್ತು ರೂಪಾಯಿ. ಇವಳು ಭರಣಿಯನ್ನು ಬೆಳಕಿಗೆ ಹಿಡಿದು, ಮುಚ್ಚಳ ತೆಗೆಯದೆಯೇ, 'ಎಣ್ಣೆ ಕಾದಿಲ್ಲ' ಎಂದು ತೀರ್ಪು ಕೊಟ್ಟು, ತಾನು ಮನೆಯಿಂದ ತಂದ ಡಬ್ಬ ಬಿಚ್ಚಿದಳು. ಹುಡುಗ ಬೇಡ ಬೇಡ ಎನ್ನುತ್ತಲೇ ಎರಡು ತಿಂದ. ತಿಂಡಿಗೆ ಕೆಳಗೆ ಹೋದರೆ ಮಸಾಲೆ ದೋಸೆಯನ್ನು ಬಿಚ್ಚಿ, ಪಲ್ಯ ಒಂದು ಕಡೆ, ದೋಸೆ ಒಂದು ಕಡೆ, ಚಟ್ನಿ ಮೂರು ಚುಕ್ಕಿಯಾಗಿ ಕಪ್ಪು ತಟ್ಟೆಯಲ್ಲಿ ಬಡಿಸಿದ್ದರು. ಕೂಡಿಸಿಕೊಳ್ಳುವ ಕೆಲಸ ನಮ್ಮದು. ಅದರ ಬಗ್ಗೆ ಇನ್ನು ಹೆಚ್ಚು ಹೇಳುವುದು ಬೇಡ.

ಲೆಕ್ಕ ಮುಗಿಸುವಾಗ ಕೌಂಟರಿನ ಹುಡುಗಿ ಕೇಳಿದಳು: 'ಮಿನಿಬಾರಿಂದ ಏನಾದ್ರೂ ತಗೊಂಡ್ರಾ ಮೇಡಮ್?'

'ಇಲ್ಲಮ್ಮ, ನಿಮ್ಮದನ್ನ ಮುಟ್ಟಿಲ್ಲ. ನಮ್ಮನೇದೇ ಒಂದಷ್ಟು ಚಕ್ಕುಲಿ ಆ ಭರಣಿ ಪಕ್ಕದಲ್ಲಿ ಇಟ್ಟಿದ್ದೀನಿ, ಮುಂದೆ ಬರೋರಿಗೆ ಆಗತ್ತೆ. ಅದಕ್ಕೆ ಜಿಎಸ್‌ಟಿ ಗಿಎಸ್‌ಟಿ ಹಾಕ್ಬೇಡಿ' ಎಂದಳು ಇವಳು.

ಆ ಹುಡುಗಿ ಕಂಪ್ಯೂಟರಿನಲ್ಲಿ ಮೇಲಕ್ಕೂ ಕೆಳಕ್ಕೂ ಕಾಲಂ ಹುಡುಕಿ, ಕೊನೆಗೆ ಮ್ಯಾನೇಜರನ್ನು ಕರೆಯಲು ಎದ್ದಳು.